ಮುಷ್ಟಿಯುದ್ಧದ ತಾರತಮ್ಯವನ್ನು ಕುರಿತು ವಾದಿಸುವ ತರುಣರಿಗೆ

ಪ್ರಿಯ ತರುಣಮಿತ್ರರೆ,

ಅಮೆರಿಕದ ಶನಿವಾರದ ಇರುಳು ನಮಗೆ ಭಾನುವಾರದ ಬೆಳಗಾಗುವುದರಿಂದ, ಲಾಸ್ ವೇಗಾಸಿನ ಕಾಳಗಗಳನ್ನು ಕಾಫಿಯ ಲೋಟ ಕೈಯಲ್ಲಿರುವಾಗಲೇ ನೋಡುವ ಭಾಗ್ಯ ನಿಮ್ಮದಾಗಿದೆ. ಕಾಳಗ ಮುಗಿದ ತರುವಾಯ ಇಡ್ಲಿ ಆರಿ ತಣ್ಣಗಾಗುವವರೆಗೂ ನಡೆಯುವ ನಿಮ್ಮ ವಾದವಿವಾದಗಳನ್ನು, ನನ್ನ ಸೋದರಳಿಯನ ಮನೆಯ ಮಹಡಿಯ ಮೂಲೆಯಲ್ಲಿರುವ ಬೆತ್ತದ ಕುರ್ಚಿಯಲ್ಲಿ ಕುಳಿತು, ನಾನು ಬಹು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಮುದುಕನು ತೂಕಡಿಸುತ್ತಿರುವನೆಂದು ನೀವು ಭಾವಿಸಿದಿರಿ. ಭಾವಿಸಲೆಂದೇ ನಾನೂ ಕಣ್ಣು ಮುಚ್ಚಿಕೊಂಡಿದ್ದೆನು. ನಿಮ್ಮಂಥ ಗುಂಪುಗಳು ಮೈಸೂರಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಇನ್ನೆಷ್ಟೋ ಊರುಗಳಲ್ಲಿಯೂ ಇರುವುವೆಂದು ಅಳಿಯನು ಹೇಳಿದ್ದರಿಂದ, ಒಂದು ಮಹಡಿಗೆ ಆಡಬೇಕೆಂದಿದ್ದ ಮಾತನ್ನು ಬಹಿರಂಗವಾಗಿಯೇ ಬರೆಯುವ ಧೈರ್ಯ ಮಾಡಿದ್ದೇನೆ.

ಕಳೆದ ವಾರ ನಿಮ್ಮಲ್ಲೊಬ್ಬನು ಮಿಡಲ್‌ವೇಟ್ ವರ್ಗದ ಇಬ್ಬರನ್ನು ಹೋಲಿಸುತ್ತ, "ಇವನು ಒಂದು ಸಲವೂ ಸೋತಿಲ್ಲ, ಇವನೇ ಮೊದಲಿಗ; ಅವನು ಮೂರು ಸಲ ಸೋತವನು, ಅವನನ್ನು ಪಟ್ಟಿಯಲ್ಲಿ ಇಟ್ಟುಕೊಂಡಿರುವುದೇ ತಪ್ಪು" ಎಂದನು. ಉಳಿದವರು ಹೌದೆಂದಿರಿ. ಆ ಕ್ಷಣದಲ್ಲಿ ನಾನು ಎದ್ದು ಕುಳಿತು ಮಾತನಾಡಬೇಕಾಗಿತ್ತು, ಆಡಲಿಲ್ಲ. ಆ ಒಂದು ವಾಕ್ಯಕ್ಕೆ ಉತ್ತರ ಈ ಪತ್ರ, ದೀರ್ಘವಾದರೆ ಕ್ಷಮಿಸಿರಿ.

ತಾರತಮ್ಯವೆಂಬ ಪದವನ್ನೇ ಮೊದಲು ನೋಡೋಣ. ತರ, ತಮ ಎಂಬ ಸಂಸ್ಕೃತ ಪ್ರತ್ಯಯಗಳಿಂದ ಹುಟ್ಟಿದ ಈ ಮಾತಿಗೆ ಮೂಲದಲ್ಲಿ ಹೆಚ್ಚುಕಡಿಮೆಗಳ ಕ್ರಮವೆಂಬಷ್ಟೇ ಅರ್ಥ; ಜೀವರಲ್ಲಿ ತಾರತಮ್ಯವುಂಟೆಂದು ಮಧ್ವಮತದವರು ಸಾರಿದಾಗ ಯಾರ ಮೇಲೂ ಅನ್ಯಾಯದ ದೂರನ್ನು ಹೊರಿಸುತ್ತಿರಲಿಲ್ಲ. ಇಂದಾದರೋ ವೃತ್ತಪತ್ರಿಕೆಯಲ್ಲಿ ಆ ಪದ ಅಚ್ಚಾದೊಡನೆಯೇ ಪಕ್ಷಪಾತವೆಂದು ಓದಿಕೊಳ್ಳುತ್ತೇವೆ. ಹಳೆಯ ಅರ್ಥವೂ ಹೊಸ ಅರ್ಥವೂ ಒಂದೇ ಹಾಳೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕುಳಿತಿರುವ ಎಡೆಯನ್ನು ತೋರಿಸೆಂದರೆ, ಮುಷ್ಟಿಯುದ್ಧದ ಶ್ರೇಯಾಂಕಪಟ್ಟಿಯನ್ನು ನಾನು ತೋರಿಸುವೆನು.

ನಾನು ಮೈಸೂರಿನ ಒಂದು ಗರಡಿಮನೆಯ ಎದುರಿಗೆ ಬೆಳೆದವನು. ದಸರೆಗೆ ಮುನ್ನ ಜೋಡಿ ಕಟ್ಟುವ ದಿನವೆಂದರೆ ಬೀದಿಯ ಹುಡುಗರಿಗೆಲ್ಲ ಹಬ್ಬ. ಹಿರಿಯ ಉಸ್ತಾದರು ಇಬ್ಬರು ಪೈಲ್ವಾನರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಎತ್ತರವನ್ನು, ಮೈಕಟ್ಟನ್ನು, ಕತ್ತಿನ ದಪ್ಪವನ್ನು, ಹಿಂದಿನ ವರ್ಷ ಯಾರು ಯಾರನ್ನು ಚಿತ್ತು ಮಾಡಿದ್ದರೆಂಬ ನೆನಪನ್ನು ಎಲ್ಲವನ್ನೂ ಕಣ್ಣಿನಲ್ಲಿಯೇ ತೂಗಿ, ಸಮಜೋಡಿಯೆಂದು ತೋರಿದರೆ ಕೈಗೆ ಕೈ ಕೂಡಿಸಿಬಿಡುತ್ತಿದ್ದರು; ಜೋಡಿ ಸರಿಬರಲಿಲ್ಲವೆಂದರೆ ನೆರೆದ ಜನ ಅಲ್ಲಿಯೇ ಕೂಗೆಬ್ಬಿಸುತ್ತಿದ್ದರು. ತಾರತಮ್ಯವನ್ನು ನಿರ್ಣಯಿಸುವವರೂ ಜೋಡಿ ಕಟ್ಟುವವರೂ ಅಲ್ಲಿ ಒಬ್ಬರೇ, ಅದೂ ಹಗಲು ಬೆಳಕಿನಲ್ಲಿ. ಆ ಪದ್ಧತಿ ನಿರ್ದೋಷವಾಗಿತ್ತೆಂದು ನಾನು ಹೇಳಲಾರೆ. ಕಾವೇರಿ ತೀರದ ಹಳ್ಳಿಯೊಂದರಿಂದ ಬರುತ್ತಿದ್ದ ಒಬ್ಬ ಪೈಲ್ವಾನನನ್ನು ನಾನು ಮೂರು ವರ್ಷ ನೋಡಿದೆ; ಮೂರು ವರ್ಷವೂ ಒಬ್ಬೊಬ್ಬ ಉಸ್ತಾದನೂ "ನಮ್ಮ ಹುಡುಗನಿಗೆ ಈ ಜೋಡಿ ಭಾರವಾಯಿತು" ಎಂದು ತನ್ನವನನ್ನು ಹಿಂದಕ್ಕೆ ಸೆಳೆದುಕೊಂಡನು. ನಾಲ್ಕನೆಯ ವರ್ಷ ಆ ಮನುಷ್ಯ ಬರಲಿಲ್ಲ. ಸೋತನೇ ಎಂದು ನಾನು ತಂದೆಯವರನ್ನು ಕೇಳಿದಾಗ, "ಸೋತಿದ್ದರೆ ಮತ್ತೆ ಬರುತ್ತಿದ್ದ ಮಗು, ಜೋಡಿ ಸಿಗಲಿಲ್ಲ" ಎಂದರು. ಆ ಮಾತಿನ ಭಾರ ನನಗೆ ತಿಳಿದದ್ದು ಬಹಳ ಕಾಲದ ಮೇಲೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ 'ದಿ ರಿಂಗ್' ಎಂಬ ಅಮೆರಿಕದ ಮಾಸಪತ್ರಿಕೆಯ ಹರಿದ ಸಂಚಿಕೆಗಳು ಕೈಗೆ ಸಿಕ್ಕಿದಾಗ.

ಆ ಪತ್ರಿಕೆಯನ್ನು ನ್ಯಾಟ್ ಫ್ಲೈಷರ್ ಎಂಬಾತನು 1922ರಲ್ಲಿ ಪ್ರಾರಂಭಿಸಿದನು. ಅದರ ಮೊದಲ ವಾರ್ಷಿಕ ತಾರತಮ್ಯಪಟ್ಟಿ 1924ನೆಯ ವರ್ಷದ್ದು. ಅದನ್ನು ಬರೆದವನು ಟೆಕ್ಸ್ ರಿಕಾರ್ಡ್. ಈ ರಿಕಾರ್ಡ್ ಯಾರೆಂದು ಬಲ್ಲಿರಾ? ಕಾಳಗಗಳನ್ನು ಏರ್ಪಡಿಸಿ ಟಿಕೆಟ್ಟು ಮಾರುತ್ತಿದ್ದ ಆ ಕಾಲದ ಅತಿ ದೊಡ್ಡ ವ್ಯವಹಾರಸ್ಥ. ಅಂಗಡಿಯವನೇ ತಕ್ಕಡಿಯನ್ನೂ ಮಾಡಿದಂತಾಯಿತು. ಆ ಕಾಲದಲ್ಲಿ ಇದನ್ನು ಯಾರೂ ತಪ್ಪೆಂದು ತಿಳಿದಂತೆ ಕಾಣುವುದಿಲ್ಲ. ಪೈಲ್ವಾನರ ಬೆಲೆಯನ್ನು ಉಸ್ತಾದನಿಗಿಂತ ಚೆನ್ನಾಗಿ ಬಲ್ಲವರಾರು? ಕೆಡಕು ಕಾಣಿಸಿಕೊಂಡದ್ದು, ಪಟ್ಟಿಯನ್ನು ಬರೆಯುವ ಕೈ ಒಂದಾಗಿ, ಜೋಡಿಯನ್ನು ಕಟ್ಟುವ ಕೈ ಇನ್ನೊಂದಾಗಿ, ಎರಡೂ ಕೈಗಳು ಮೇಜಿನ ಕೆಳಗೆ ಸಂಧಿಸತೊಡಗಿದ ಮೇಲೆ.

ಮಿಡಲ್‌ವೇಟ್ ಎಂಬ ವರ್ಗದಲ್ಲಿ ಈ ಕೆಡಕು ಉಳಿದೆಡೆಗಳಿಗಿಂತ ಆಳವಾಗಿ ಬೇರೂರಿರುವುದಕ್ಕೆ ಒಂದು ಕಾರಣವುಂಟು. ಆ ವರ್ಗದ ಮಿತಿ 160 ಪೌಂಡು, ನಮ್ಮ ಲೆಕ್ಕದಲ್ಲಿ ಎಪ್ಪತ್ತೆರಡೂವರೆ ಕಿಲೋ. ಸಾಧಾರಣ ಮನುಷ್ಯನ ತೂಕ. ಕೆಳಗಿನ ವರ್ಗಗಳಲ್ಲಿ ಕೀರ್ತಿ ಸಂಪಾದಿಸಿದವನು ವಯಸ್ಸಿನೊಡನೆ ಮೈ ತುಂಬಿಕೊಂಡು ಮೇಲೆ ಬಂದರೆ ಇಲ್ಲಿಯೇ ಬಂದು ಸೇರುವನು, ಬರುವಾಗ ತನ್ನ ಪ್ರೇಕ್ಷಕರನ್ನೂ ಹಣವನ್ನೂ ಜೊತೆಯಲ್ಲಿಯೇ ತರುವನು. ಹೀಗಾಗಿ ಈ ವರ್ಗದಲ್ಲಿಯೇ ಹುಟ್ಟಿ ಬೆಳೆದು ಸರದಿಯಲ್ಲಿ ನಿಂತವನಿಗೆ, ದೇವಸ್ಥಾನದ ಸಾಲಿನಲ್ಲಿ ಗಂಟೆಗಟ್ಟಲೆ ಕಾದು ಗರ್ಭಗುಡಿಯ ಹೊಸ್ತಿಲು ಕಂಡಾಗ ವಿಶೇಷ ದರ್ಶನದ ಬಾಗಿಲು ತೆರೆದದ್ದನ್ನು ನೋಡುವವನ ಪಾಡಾಗುವುದು.

ಅಂಥ ಸಾಲಿನಲ್ಲಿ ನಿಂತೇ ಆಯುಷ್ಯ ಕಳೆದವನು ಪಿಟ್ಸ್‌ಬರ್ಗ್ ನಗರದ ಚಾರ್ಲಿ ಬರ್ಲಿ. 1936ರಲ್ಲಿ, ಹಿಟ್ಲರನ ಬರ್ಲಿನ್ ಒಲಿಂಪಿಕ್ಸಿನ ಆಯ್ಕೆಗೆ ಹೋಗಲೊಲ್ಲೆನೆಂದು, ಅದಕ್ಕೆ ಪ್ರತಿಯಾಗಿ ಬಾರ್ಸಿಲೋನದಲ್ಲಿ ಏರ್ಪಟ್ಟಿದ್ದ ಜನತಾ ಕ್ರೀಡಾಕೂಟಕ್ಕೆ ಹೊರಟುಹೋದ ಹದಿನೆಂಟರ ಹುಡುಗ; ಅಲ್ಲಿ ಅಂತರ್ಯುದ್ಧ ಪ್ರಾರಂಭವಾಗಿ ಕೂಟವೇ ನಿಂತುಹೋಯಿತು. ವೃತ್ತಿಗಿಳಿದ ಮೇಲೆ ನೂರಕ್ಕೆ ಸಮೀಪವಾದ ಕಾಳಗಗಳನ್ನು ಕಾದಿದನು, ಒಬ್ಬನಾದರೂ ಇವನನ್ನು ಕೆಡವಿ ಕಾಳಗ ಮುಗಿಸಿದ್ದಿಲ್ಲ. 1944ರಲ್ಲಿ, ಮುಂದೆ ಹಗುರ ಹೆವಿವೇಟಿನ ಚಕ್ರವರ್ತಿಯಾದ ಆರ್ಚಿ ಮೂರ್‌ನನ್ನು ಹಾಲಿವುಡ್ಡಿನಲ್ಲಿ ಸೋಲಿಸಿದನು. ತಾನೆದುರಿಸಿದವರಲ್ಲಿ ಶ್ರೇಷ್ಠನು ಬರ್ಲಿಯೇ ಎಂದು ಮೂರ್ ಕಡೆಯವರೆಗೂ ಹೇಳುತ್ತಿದ್ದನು. ವರ್ಷವರ್ಷವೂ ಪಟ್ಟಿಯಲ್ಲಿ ಬರ್ಲಿಯ ಹೆಸರು ಮೇಲ್ಗಡೆಯೇ ಇತ್ತು. ಪಟ್ಟಕ್ಕಾಗಿ ಕಾದುವ ಅವಕಾಶ ಒಮ್ಮೆಯೂ ದೊರೆಯಲಿಲ್ಲ.

ಏಕೆಂದು ಕೇಳಿದರೆ ಉತ್ತರ ಒಂದಲ್ಲ. ಪಟ್ಟವನ್ನು ಧರಿಸಿದ್ದ ಟೋನಿ ಝೇಲ್ ಯುದ್ಧಕಾಲದಲ್ಲಿ ನೌಕಾದಳಕ್ಕೆ ಸೇರಿದ್ದರಿಂದ, 1946ರ ಸೆಪ್ಟೆಂಬರಿನಲ್ಲಿ ಅವನು ರಾಕಿ ಗ್ರಾಜಿಯಾನೊ ಎದುರಿಗೆ ಇಳಿಯುವವರೆಗೂ ಆ ಪಟ್ಟವೇ ಹೆಪ್ಪುಗಟ್ಟಿ ನಿಂತಿತ್ತು. ಬರ್ಲಿಯ ಏರುಂಜವ್ವನ ಕಳೆದುಹೋದದ್ದು ಆ ವರ್ಷಗಳಲ್ಲಿ. ಅವನ ಕಾಳಗದ ರೀತಿ ಜಾಣತನದ್ದು, ಜನರನ್ನು ಕುಣಿಸುವಂಥದ್ದಲ್ಲ. ಅವನ ಮೈಬಣ್ಣ ಕಪ್ಪು. ಅವನಂತೆಯೇ ಕರಿಯರಾದ ಹೋಲ್ಮನ್ ವಿಲಿಯಮ್ಸ್ ಮುಂತಾದವರೆಲ್ಲ ಜೋಡಿ ಸಿಗದೆ ತಮ್ಮತಮ್ಮೊಳಗೇ ಮತ್ತೆಮತ್ತೆ ಕಾದಿ ಒಬ್ಬರನ್ನೊಬ್ಬರು ಸವೆಸಿದರು. ಬರ್ಲಿಯು ಕಡೆಗೆ ಪಿಟ್ಸ್‌ಬರ್ಗಿನ ಪುರಸಭೆಯ ಕಸದ ಗಾಡಿಯಲ್ಲಿ ಕೆಲಸ ಮಾಡಿ ಜೀವನ ಸಾಗಿಸಿದನು. 1992ರಲ್ಲಿ ಅವನ ಹೆಸರು ಮುಷ್ಟಿಯುದ್ಧದ ಕೀರ್ತಿಮಂದಿರಕ್ಕೆ ಸೇರಿತು. ಅದೇ ವರ್ಷ ಅವನು ತೀರಿಕೊಂಡನು. ಅವನ ಲೆಕ್ಕದಲ್ಲಿಯೂ ಸೋಲುಗಳುಂಟು, ಮಿತ್ರರೆ. ನಿಮ್ಮ ಮಹಡಿಯ ನ್ಯಾಯದಂತೆ ಅವನನ್ನೂ ಪಟ್ಟಿಯಿಂದ ಹೊಡೆದುಹಾಕಬೇಕಾಗುವುದು.

ಜೇಕ್ ಲಮೊಟ್ಟಾನ ಕತೆಯನ್ನು ನೀವು ಚಲಚ್ಚಿತ್ರದಲ್ಲಿ ನೋಡಿರುವಿರಾದ್ದರಿಂದ ಬೇಗನೆ ಮುಗಿಸುವೆನು. 1943ರಲ್ಲಿ ಶುಗರ್ ರೇ ರಾಬಿನ್ಸನ್ನನನ್ನೇ ಸೋಲಿಸಿದ್ದ ಈತನಿಗೂ ಪಟ್ಟದ ಕಾಳಗ ದೊರೆಯಲಿಲ್ಲ. ಕಡೆಗೆ 1947ರ ನವೆಂಬರಿನಲ್ಲಿ, ಬಿಲ್ಲಿ ಫಾಕ್ಸ್ ಎಂಬವನ ಎದುರಿಗೆ, ಬೇಕೆಂದೇ ಪೆಟ್ಟು ತಿಂದು ಸೋತುಕೊಟ್ಟನು. ಅದಕ್ಕೆ ಪ್ರತಿಫಲವಾಗಿ 1949ರಲ್ಲಿ ಡೆಟ್ರಾಯ್ಟ್ ನಗರದಲ್ಲಿ ಮಾರ್ಸೆಲ್ ಸರ್ದಾನನೊಡನೆ ಜೋಡಿ ಕಟ್ಟಿದರು, ಗೆದ್ದು ಪಟ್ಟವೇರಿದನು. ಇದನ್ನು 1960ರಲ್ಲಿ ಅಮೆರಿಕದ ಸೆನೆಟ್ಟಿನ ವಿಚಾರಣಾ ಸಮಿತಿಯ ಎದುರಿಗೆ ಅವನೇ ಒಪ್ಪಿಕೊಂಡನು. ಇಪ್ಪತ್ತು ಸಾವಿರ ಡಾಲರನ್ನು ಮೇಲೆ ತೆರಬೇಕಾಯಿತೆಂದೂ ಹೇಳಿದನು. ಗೆಲುವುಗಳಿಂದ ಬಾರದ ಅವಕಾಶ ಒಂದು ಸೋಲಿನಿಂದ ಬಂದಿತೆಂಬುದನ್ನು ಸೋಲುಗಳನ್ನು ಎಣಿಸುವವರು ದಯವಿಟ್ಟು ಯೋಚಿಸಬೇಕು. ಅಂದು ಈ ವ್ಯವಹಾರದ ಹಿಂಬಾಗಿಲನ್ನು ಕಾಯುತ್ತಿದ್ದ ಪಾತಕಲೋಕದ ಫ್ರಾಂಕಿ ಕಾರ್ಬೊ, ಆ ವಿಚಾರಣೆಯ ಮರುವರ್ಷವೇ ಸುಲಿಗೆಯ ಅಪರಾಧಕ್ಕಾಗಿ ಶಿಕ್ಷೆಗೆ ಗುರಿಯಾದನು. ಬಾಗಿಲು ಮಾತ್ರ ಅಲ್ಲಿಯೇ ಉಳಿಯಿತು.

ಪಟ್ಟಿಯನ್ನು ಬರೆಯುವವರು ಯಾರೆಂದು ನಿಮ್ಮಲ್ಲಿ ಯಾರಾದರೂ ವಿಚಾರಿಸಿದ್ದುಂಟೆ? ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳಿವೆ. ನಾಲ್ಕೂ ತಮ್ಮ ತಮ್ಮ ಪಟ್ಟಿಗಳನ್ನೂ ಬೆಲ್ಟುಗಳನ್ನೂ ಇಟ್ಟುಕೊಂಡಿವೆ. ತಮ್ಮ ಬೆಲ್ಟಿಗಾಗಿ ನಡೆಯುವ ಕಾಳಗದ ಸಂಭಾವನೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂರರಷ್ಟನ್ನು ಶುಲ್ಕವೆಂದು ತೆಗೆದುಕೊಳ್ಳುತ್ತವೆ. ಹೆಚ್ಚು ಬೆಲ್ಟುಗಳಿದ್ದರೆ ಹೆಚ್ಚು ಶುಲ್ಕವೆಂಬುದನ್ನು ಕಂಡುಕೊಳ್ಳಲು ಗಣಿತಜ್ಞನಾಗಬೇಕಿಲ್ಲ. 2019ರಲ್ಲಿ ಡಬ್ಲ್ಯುಬಿಸಿಯವರು ಇದೇ ಮಿಡಲ್‌ವೇಟಿನಲ್ಲಿ ಕನೆಲೊ ಆಲ್ವಾರೆಜನಿಗೆ 'ಫ್ರಾಂಚೈಸ್ ಚಾಂಪಿಯನ್' ಎಂಬ ಹೊಸ ಬಿರುದನ್ನು ಸೃಷ್ಟಿಸಿಕೊಟ್ಟು, ಮಧ್ಯಂತರ ಚಾಂಪಿಯನ್ನನಾಗಿದ್ದ ಜರ್ಮಾಲ್ ಚಾರ್ಲೊನನ್ನು ಪೂರ್ಣ ಚಾಂಪಿಯನ್ನನೆಂದು ಸಾರಿದರು. ಒಂದು ಸಿಂಹಾಸನದ ಮೇಲೆ ಇಬ್ಬರು ಅರಸರು, ಯಾರೂ ಯಾರನ್ನೂ ಸೋಲಿಸಿದ್ದಿಲ್ಲ.

ಇನ್ನು ಪಟ್ಟಿಯ ಪ್ರಾಮಾಣಿಕತೆಯ ವಿಚಾರ. 1977ರಲ್ಲಿ ಡಾನ್ ಕಿಂಗ್ ಏರ್ಪಡಿಸಿದ್ದ ದೊಡ್ಡ ಪಂದ್ಯಾವಳಿಯನ್ನು ಎಬಿಸಿ ದೂರದರ್ಶನ ಸಂಸ್ಥೆ ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು; ನಡೆಯದ ಕಾಳಗಗಳನ್ನು ನಡೆದವೆಂದು, ಬಾರದ ಗೆಲುವುಗಳನ್ನು ಬಂದುವೆಂದು ಬರೆದು ಕೆಲವರನ್ನು ಮೇಲೇರಿಸಿದ್ದರೆಂದು ಬಯಲಾಗಿತ್ತು, ಆ ಲೆಕ್ಕಗಳು ಅಚ್ಚಾಗಿದ್ದದ್ದು ನಾನು ಅವೆನ್ಯೂ ರಸ್ತೆಯಲ್ಲಿ ಕೊಂಡು ತಂದು ಪೂಜ್ಯಭಾವದಿಂದ ಓದುತ್ತಿದ್ದ ಆ 'ರಿಂಗ್' ಪತ್ರಿಕೆಯಲ್ಲಿಯೇ. ಐಬಿಎಫ್ ಸಂಸ್ಥೆಯ ಸ್ಥಾಪಕಾಧ್ಯಕ್ಷನಾದ ರಾಬರ್ಟ್ ಲೀಯ ಮೇಲೆ ಶ್ರೇಯಾಂಕಗಳನ್ನು ಹಣಕ್ಕೆ ಮಾರಿದ ಆಪಾದನೆ 1999ರಲ್ಲಿ ಬಂದು, ನ್ಯಾಯಾಲಯವು ಕೆಲವು ಆಪಾದನೆಗಳಿಂದ ಅವನನ್ನು ಬಿಡುಗಡೆ ಮಾಡಿದರೂ ಅಕ್ರಮ ಹಣದ ವ್ಯವಹಾರಕ್ಕೂ ತೆರಿಗೆಯ ವಂಚನೆಗೂ ಸೆರೆಮನೆಗೆ ಕಳುಹಿಸಿತು. ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿರುವುದು ಡ್ಯಾರಿನ್ ಮಾರಿಸ್ ಎಂಬ ಸೂಪರ್ ಮಿಡಲ್‌ವೇಟಿನವನ ಸಂಗತಿ: 2000ದ ಅಕ್ಟೋಬರಿನಲ್ಲಿ ಅವನು ತೀರಿಕೊಂಡನು, ತೀರಿಕೊಂಡ ಮೇಲೆ ಡಬ್ಲ್ಯುಬಿಒ ಪಟ್ಟಿಯಲ್ಲಿ ಏಳನೆಯ ಸ್ಥಾನದಿಂದ ಐದನೆಯದಕ್ಕೆ ಏರಿದನು. ನಮ್ಮ ಕಡೆ ಸತ್ತವರು ಮತದಾನ ಮಾಡುವುದನ್ನು ಕೇಳಿದ್ದೆನು. ಮುಷ್ಟಿಯುದ್ಧದಲ್ಲಿ ಅವರಿಗೆ ಬಡ್ತಿಯೂ ಉಂಟು.

ಇಷ್ಟನ್ನೆಲ್ಲ ಹೇಳಿ ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಉದ್ದೇಶವಲ್ಲ. ಸಂಸ್ಥೆಗಳೆಲ್ಲ ಕಳ್ಳರ ಕೂಟ, ಆದುದರಿಂದ ಪಟ್ಟಿಗಳನ್ನು ಸುಟ್ಟುಬಿಡೋಣ ಎನ್ನುವವರ ಗುಂಪಿಗೆ ನಾನು ಸೇರಿದವನೂ ಅಲ್ಲ. ಪಟ್ಟಿಯೇ ಇಲ್ಲದಿದ್ದರೆ, ಹಣವುಳ್ಳವನು ಹಣವುಳ್ಳವನನ್ನು ಮಾತ್ರ ಕಾದುವನು; ಬಡವನಿಗೆ ತಾನು ಮೊದಲಿಗನೆಂದು ಕೂಗಿ ಹೇಳಲು ಒಂದು ಚೀಟಿಯಾದರೂ ಬೇಡವೆ? ಮಾರ್ವಿನ್ ಹ್ಯಾಗ್ಲರನ ಬದುಕನ್ನು ನೋಡಿದರೆ ಈ ಎರಡು ಮುಖಗಳೂ ಕಾಣುವುವು. ಮಸಾಚುಸೆಟ್ಸಿನ ಬ್ರಾಕ್ಟನ್ನಿನ ಈ ಮನುಷ್ಯ 1973ರಲ್ಲಿ ವೃತ್ತಿಗಿಳಿದವನು; ಕರಿಯ, ಎಡಚ, ಮೇಲಾಗಿ ಸಮರ್ಥ, ಈ ಮೂರು ದೋಷಗಳಿರುವ ನಿನಗೆ ಯಾರು ಅವಕಾಶ ಕೊಡುವರೆಂದು ಹಿರಿಯ ಮುಷ್ಟಿಯೋಧ ಜೋ ಫ್ರೇಜಿಯರ್ ಅವನಿಗೆ ಹೇಳಿದ್ದನೆಂಬುದು ಪ್ರಸಿದ್ಧವಾದ ಮಾತು. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಎರಡು ಸಲ ಸೋತನು, ಸೋಲಿಸಿದ ಇಬ್ಬರನ್ನೂ ಮುಂದೆ ಹುಡುಕಿಕೊಂಡು ಹೋಗಿ ಸೋಲಿಸಿದನು. ಅವನಿಗೆ ಪಟ್ಟದ ಕಾಳಗ ಕೊಡಿಸಲು ಅಮೆರಿಕದ ಪ್ರತಿನಿಧಿಸಭೆಯ ಅಧ್ಯಕ್ಷ ಟಿಪ್ ಓನೀಲ್, ಸೆನೆಟರ್ ಎಡ್ವರ್ಡ್ ಕೆನಡಿ ಇಂಥವರು ಒತ್ತಾಯ ತರಬೇಕಾಯಿತು. ಸುಮಾರು ಐವತ್ತನೆಯ ಕಾಳಗದಲ್ಲಿ, 1979ರ ನವೆಂಬರ್ 30ರಂದು, ವೀಟೊ ಆಂಟುಓಫರ್ಮೊ ಎದುರಿಗೆ ಮೊದಲ ಅವಕಾಶ ಬಂದಿತು, ತೀರ್ಪುಗಾರರು ಸಮವೆಂದರು. ಮರುವರ್ಷ ಲಂಡನ್ನಿನ ವೆಂಬ್ಲಿಯಲ್ಲಿ ಆಲನ್ ಮಿಂಟರನನ್ನು ಮೂರೇ ಸುತ್ತುಗಳಲ್ಲಿ ಮುಗಿಸಿ, ಪ್ರೇಕ್ಷಕರು ಎಸೆದ ಬಾಟಲಿಗಳ ಮಳೆಯ ನಡುವೆ ಪಟ್ಟವೇರಿದನು.

ಆರೂವರೆ ವರ್ಷ ಆಳಿದ ಮೇಲೆ, 1987ರಲ್ಲಿ, ಹ್ಯಾಗ್ಲರನ ಎದುರಿಗೆ ಇಬ್ಬರಿದ್ದರು. ಒಬ್ಬನು ಡಬ್ಲ್ಯುಬಿಎ ಪಟ್ಟಿಯ ಕಡ್ಡಾಯ ಪ್ರತಿಸ್ಪರ್ಧಿ, ಎಂದರೆ ಚಾಂಪಿಯನ್ನನು ಎದುರಿಸಲೇಬೇಕಾದವನು, ಇಂಗ್ಲೆಂಡಿನ ಹೆರಾಲ್ ಗ್ರಹಾಮ್: ಎಡಚ, ಹಿಡಿತಕ್ಕೆ ಸಿಗದವನು, ಹಣ ತರದವನು. ಇನ್ನೊಬ್ಬನು ಶುಗರ್ ರೇ ಲೆನರ್ಡ್: ಕೆಳಗಿನ ವರ್ಗದಿಂದ ಬಂದವನು, ಐದು ವರ್ಷಗಳಲ್ಲಿ ಒಂದೇ ಒಂದು ಕಾಳಗ ಕಾದಿದವನು, ಕೋಟಿಗಟ್ಟಲೆ ಡಾಲರು ತರುವವನು. ಕಾದು ಕಾದು ಬೆಂದಿದ್ದ ಹ್ಯಾಗ್ಲರ್ ಯಾರನ್ನು ಆರಿಸಿದನೆಂಬುದು ನಿಮಗೆ ಗೊತ್ತು. ಡಬ್ಲ್ಯುಬಿಎ ತನ್ನ ಪಟ್ಟವನ್ನು ಕಿತ್ತುಕೊಂಡಿತು. ಲೆನರ್ಡನು ಹದಿನೈದು ಸುತ್ತು ಬೇಡ ಹನ್ನೆರಡು ಸಾಕೆಂದು, ಗ್ಲೌಸು ದಪ್ಪನಾಗಿರಲೆಂದು, ಕಣ ವಿಶಾಲವಾಗಿರಲೆಂದು ಕೇಳಿ ಎಲ್ಲವನ್ನೂ ಪಡೆದು, ಮೂವರಲ್ಲಿ ಇಬ್ಬರ ತೀರ್ಪಿನಿಂದ ಗೆದ್ದನು. ಗ್ರಹಾಮನು ಮುಂದೆ ವಿಶ್ವಪಟ್ಟಕ್ಕೆ ಕಾದಿದರೂ ಯಾವ ಪಟ್ಟವನ್ನೂ ಗೆಲ್ಲಲಿಲ್ಲ. ಹ್ಯಾಗ್ಲರನನ್ನು ಕಾಯಿಸಿದವರನ್ನು ಬೈಯುವ ನಾವು, ಅವನು ಕಾಯಿಸಿದವನ ಹೆಸರನ್ನು ನೆನೆಯುವುದಿಲ್ಲ. ಆ ಕಾಳಗದ ವಿಡಿಯೋ ಟೇಪು ನನ್ನಲ್ಲಿದೆ. ಏಳು ಸಲ ನೋಡಿದ್ದೇನೆ, ನಾಲ್ಕು ಸಲ ಹ್ಯಾಗ್ಲರನೂ ಮೂರು ಸಲ ಲೆನರ್ಡನೂ ಗೆದ್ದರು. ಆದರೆ ಒಬ್ಬ ತೀರ್ಪುಗಾರನು ಲೆನರ್ಡನಿಗೆ 118-110 ಎಂದು ಅಂಕ ಹಾಕಿದ್ದು ಮಾತ್ರ ಏಳು ಸಲವೂ ನನಗೆ ಅರ್ಥವಾಗಲಿಲ್ಲ.

ಅದೇ ಅಂಕ, 118-110, ಮೂವತ್ತು ವರ್ಷಗಳ ಮೇಲೆ ಮತ್ತೆ ಕಾಣಿಸಿಕೊಂಡಿತು. ಕಜಾಕಸ್ತಾನದ ಗೆನ್ನಾದಿ ಗೊಲೊವ್ಕಿನ್‌ನನ್ನು ನಿಮ್ಮಲ್ಲಿ ಬಹುಮಂದಿ ನೋಡಿಯೇ ಬೆಳೆದವರು. 2004ರ ಅಥೆನ್ಸಿನಲ್ಲಿ ಬೆಳ್ಳಿ ಗೆದ್ದವನು, ವೃತ್ತಿಯಲ್ಲಿ ಒಬ್ಬರಾದಮೇಲೊಬ್ಬರಂತೆ ಇಪ್ಪತ್ತಮೂರು ಮಂದಿಯನ್ನು ಅವಧಿಗೆ ಮುನ್ನವೇ ಮುಗಿಸಿದವನು. ಅಂಥವನೊಡನೆ ಜೋಡಿ ಕಟ್ಟಲು ಮೇಲಿನವರು ಯಾರೂ ಅವಸರಪಡಲಿಲ್ಲ. 2016ರ ಮೇ ತಿಂಗಳಲ್ಲಿ ಆಲ್ವಾರೆಜ್ ತನ್ನ ಮಿಡಲ್‌ವೇಟ್ ಪಟ್ಟವನ್ನು ಪಣಕ್ಕಿಟ್ಟು ಕಾದಿದ್ದು ಕೆಳಗಿನ ವರ್ಗದಿಂದ ಏರಿಬಂದ ಆಮಿರ್ ಖಾನನೊಡನೆ, ಅದೂ 160 ಪೌಂಡಿನಲ್ಲಲ್ಲ, ಒಪ್ಪಂದದ 155 ಪೌಂಡಿನಲ್ಲಿ. ಗೆದ್ದ ಕೆಲವೇ ದಿನಗಳಲ್ಲಿ, ಗೊಲೊವ್ಕಿನ್‌ನೊಡನೆ ಕಾದಬೇಕಾದೀತೆಂಬ ಹೊತ್ತಿಗೆ, ಡಬ್ಲ್ಯುಬಿಸಿಯ ಬೆಲ್ಟನ್ನೇ ಬಿಟ್ಟುಕೊಟ್ಟನು. ಕಡೆಗೆ 2017ರ ಸೆಪ್ಟೆಂಬರಿನಲ್ಲಿ ಇಬ್ಬರೂ ಎದುರುಬದುರಾದಾಗ ಗೊಲೊವ್ಕಿನ್‌ನಿಗೆ ಮೂವತ್ತೈದು ತುಂಬಿತ್ತು. ಒಬ್ಬ ತೀರ್ಪುಗಾರನು ಅವನಿಗೆ 115-113 ಎಂದನು, ಒಬ್ಬನು 114-114 ಎಂದನು, ಅಡಲೇಡ್ ಬರ್ಡ್ ಎಂಬಾಕೆ ಆಲ್ವಾರೆಜನಿಗೆ 118-110 ಎಂದಳು. ಫಲಿತಾಂಶ ಸಮ. ಅಂದಿನ ಬೆಳಿಗ್ಗೆ ನಿಮ್ಮ ಮಹಡಿಯಿಂದ ಬಂದ ಗದ್ದಲಕ್ಕೆ ಕೆಳಗಿನ ಮನೆಯವರು ಹತ್ತಿಬಂದದ್ದು ನೆನಪಿದೆ.

ಹಾಗಾದರೆ ಕಡ್ಡಾಯ ಪ್ರತಿಸ್ಪರ್ಧಿಯ ನಿಯಮವನ್ನು ಬಿಗಿಯಾಗಿ ಪಾಲಿಸಿದರೆ ಎಲ್ಲ ಸರಿಹೋಗುವುದಲ್ಲವೆ ಎಂದು ನೀವು ಕೇಳುವಿರಿ. 2018ರ ಜೂನಿನಲ್ಲಿ ಐಬಿಎಫ್ ಅದನ್ನೇ ಮಾಡಿತು. ಬಿಗಿಯಾಗಿ ಪಾಲಿಸಿ, ತನ್ನ ಪಟ್ಟಿಯ ಡೆರೆವ್ಯಾಂಚೆಂಕೊನೊಡನೆ ಕಾದಲಿಲ್ಲವೆಂದು ಗೊಲೊವ್ಕಿನ್‌ನ ಬೆಲ್ಟನ್ನೇ ಕಿತ್ತಿತು, ಆಲ್ವಾರೆಜನೊಡನೆ ಎರಡನೆಯ ಕಾಳಗ ಇನ್ನು ಮೂರು ತಿಂಗಳಲ್ಲಿದ್ದಾಗ. ಇಡೀ ವರ್ಗಕ್ಕೆ ಒಬ್ಬನೇ ಅರಸನಾಗುವ ದಾರಿ ಕಾಣುತ್ತಿದ್ದ ಹೊತ್ತಿನಲ್ಲಿ ಪಟ್ಟ ಮತ್ತೆ ಒಡೆಯಿತು. ಹಾಗೆಂದು ಡೆರೆವ್ಯಾಂಚೆಂಕೊ ಬೊಂಬೆಯೇನೂ ಆಗಿರಲಿಲ್ಲ. 2019ರಲ್ಲಿ ಗೊಲೊವ್ಕಿನ್‌ನ ಎದುರು ನಿಂತಾಗ ಹನ್ನೆರಡು ಸುತ್ತು ಅವನನ್ನು ಹಣ್ಣುಮಾಡಿದನು. ಸಾಲಿನಲ್ಲಿ ನಿಂತ ಅವನ ಹಕ್ಕೂ ಹಕ್ಕೇ. ಈ ಗಂಟನ್ನು ಬಿಡಿಸುವ ನಿಯಮವನ್ನು ನಾನು ಇನ್ನೂ ಕಂಡಿಲ್ಲ. ಶ್ರೇಯಾಂಕಗಳಿಗೆ ವಸ್ತುನಿಷ್ಠ ಆಧಾರವಿರಬೇಕೆಂದು ಅಮೆರಿಕದವರು 2000ದಲ್ಲಿ ಮಹಮ್ಮದ್ ಅಲಿಯ ಹೆಸರಿನಲ್ಲಿ ಶಾಸನವನ್ನೇ ಮಾಡಿದರು. ಆ ಶಾಸನ ಬಂದ ಮೇಲೆಯೇ ಸತ್ತವನು ಬಡ್ತಿ ಪಡೆದದ್ದು.

ಕಂಪ್ಯೂಟರಿಗೆ ಒಪ್ಪಿಸಿಬಿಡೋಣ, ಚದುರಂಗದವರು ಮಾಡಿಲ್ಲವೆ ಎಂದು ನಿಮ್ಮಲ್ಲಿ ಇಂಜಿನಿಯರಾದವರು ಅನ್ನುವುದನ್ನು ಕೇಳಿದ್ದೇನೆ. ಚದುರಂಗದವನು ವರ್ಷಕ್ಕೆ ಹತ್ತಾರು ಆಟಗಳನ್ನಾಡುವನು, ಎದುರಾಳಿಯನ್ನು ಅವನು ಆರಿಸಿಕೊಳ್ಳುವುದಿಲ್ಲ. ಈಗಿನ ಮುಷ್ಟಿಯುದ್ಧದ ಚಾಂಪಿಯನ್ನನು ವರ್ಷಕ್ಕೆ ಎರಡು ಸಲ ಕಾದಿದರೆ ಹೆಚ್ಚು, ಅದೂ ತಾನೊಪ್ಪಿದವನೊಡನೆ. ಕಾದದೆ ಉಳಿದ ಕಾಳಗಗಳನ್ನು ಯಾವ ಯಂತ್ರವು ಕೂಡಿಸೀತು? ಒಲಿಂಪಿಕ್ಸಿನಂಥ ಕೂಟಗಳಲ್ಲಿ ಆ ಬಾಧೆಯಿಲ್ಲ. 2008ರ ಬೀಜಿಂಗಿನಲ್ಲಿ ನಮ್ಮ ವಿಜೇಂದರ್ ಸಿಂಗ್ 75 ಕಿಲೋ ವರ್ಗದಲ್ಲಿ ಕಂಚನ್ನು ಗೆದ್ದಾಗ, ಚೀಟಿಯಲ್ಲಿ ಬಂದವನೊಡನೆ ಕಾದಿದನೇ ಹೊರತು ಬೇಡವೆನ್ನುವ ದಾರಿಯೇ ಇರಲಿಲ್ಲ. ಮರುವರ್ಷ ವಿಶ್ವದ ಮೊದಲ ಸ್ಥಾನಕ್ಕೆ ಬಂದನೆಂದಾಗ ಆ ಅಂಕೆಗೆ ತೂಕವಿತ್ತು.

ಈಗ ಮೂಲದ ಮಾತಿಗೆ ಬರುತ್ತೇನೆ. ಐದು ಸಲ ಮಿಡಲ್‌ವೇಟ್ ಪಟ್ಟವೇರಿದ ರಾಬಿನ್ಸನ್ ತನ್ನ ಆಯುಷ್ಯದಲ್ಲಿ ಹತ್ತೊಂಬತ್ತು ಸಲ ಸೋತನು. ಸುಮಾರು ಮುನ್ನೂರು ಕಾಳಗ ಕಾದಿದ, ಒಂದು ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡು ಕಾದಿದ, ಜೀನ್ ಟನ್ನಿಯನ್ನು ಸೋಲಿಸಿದ ಏಕಮಾತ್ರ ಪುರುಷನೆನಿಸಿದ ಹ್ಯಾರಿ ಗ್ರೆಬ್ಬನ ಲೆಕ್ಕದಲ್ಲಿಯೂ ಸೋಲುಗಳುಂಟು. ಅಂದಿನ ಪ್ರೇಕ್ಷಕನು ಸೋತವನನ್ನು ನೋಡಲು ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದನು. ಇಂದು ಒಮ್ಮೆ ಸೋತನೆಂದರೆ ಅವನ ಕತೆ ಮುಗಿಯಿತೆಂದು ನಗುವವರು ಯಾರು? ಸಂಸ್ಥೆಗಳ ಅಧ್ಯಕ್ಷರಲ್ಲ, ವ್ಯವಹಾರಸ್ಥರೂ ಅಲ್ಲ. ಸೋಲಿನ ಲೆಕ್ಕದ ಸೊನ್ನೆಗೆ ನೀವು ಬೆಲೆ ಕಟ್ಟಿದಿರಿ. ಕಟ್ಟಿದ್ದರಿಂದ ವ್ಯವಹಾರಸ್ಥನು ಆ ಸೊನ್ನೆಯನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕಾಯತೊಡಗಿದನು. ಕಾಯಬೇಕಾದ್ದರಿಂದ ಬರ್ಲಿಯಂಥವನೊಡನೆ ಜೋಡಿ ಕಟ್ಟಲು ಹಿಂಜರಿದನು. ಪಟ್ಟಿಯನ್ನು ಕೆಡಿಸಿದ ಕೈಗಳನ್ನು ದೂರದ ಊರುಗಳಲ್ಲಿ ಹುಡುಕುವಾಗ, ಆ ಮಹಡಿಯ ಮೇಲಿನ ಕೈಗಳನ್ನೂ, ನನ್ನವೂ ಸೇರಿದಂತೆ, ಒಮ್ಮೆ ತಿರುವಿ ನೋಡಿಕೊಳ್ಳಬೇಕೆಂದು ನನ್ನ ವಿನಂತಿ.

ಇನ್ನು ಮೇಲೆ ಯಾರನ್ನಾದರೂ ಮೊದಲಿಗನೆಂದು ಹೇಳುವಾಗ ಯಾರ ಪಟ್ಟಿಯಲ್ಲಿ ಮೊದಲಿಗನೆಂಬುದನ್ನು ಸೇರಿಸಿ ಹೇಳಿರಿ. ನಿಮ್ಮದೇ ಪಟ್ಟಿಯಾದರೆ ಇನ್ನೂ ಸಂತೋಷ. ಒಬ್ಬೊಬ್ಬನ ಹೆಸರಿನ ಮುಂದೆ ಅವನು ಕಡೆಯದಾಗಿ ಕಾದಿದ ಮೂವರ ಹೆಸರು, ಅಂದು ಅವರಿಗೆ ಎಷ್ಟು ವಯಸ್ಸು, ಯಾವ ವರ್ಗದಿಂದ ಬಂದವರು, ಎಷ್ಟು ಕಾಲ ಸುಮ್ಮನಿದ್ದು ಬಂದವರು ಎಂಬುದನ್ನು ಬರೆಯಿರಿ. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಬಿಡಿರಿ, ಅವನೊಡನೆ ಕಾದಬೇಕೆಂದು ಕಾದಿದ್ದು ಕಾದಲಾಗದೆ ಹೋದವರಿಗಾಗಿ. ಹಣ ತೆತ್ತೋ ತೆರದೆಯೋ ನೀವು ಕಾಳಗಗಳನ್ನು ನೋಡುವಿರಿ, ಆ ವಿಚಾರವನ್ನು ನಾನು ಕೇಳುವುದಿಲ್ಲ. ಆದರೆ ಸಮಜೋಡಿಯಲ್ಲದ ಕಾಳಗದ ದಿನ ಪರದೆಯನ್ನು ಆರಿಸಿ, ಹಿಂದಿನ ವಾರ ಕಠಿಣನಾದವನನ್ನು ಎದುರಿಸಿ ಸೋತವನ ಕಾಳಗವನ್ನು ಹುಡುಕಿ ನೋಡಿರಿ.

ಬರುವ ಭಾನುವಾರ ಯಾವ ದೊಡ್ಡ ಕಾಳಗವೂ ಇಲ್ಲವೆಂದು ಅಳಿಯನು ತಿಳಿಸಿದ್ದಾನೆ. ಹ್ಯಾಗ್ಲರ್-ಲೆನರ್ಡರ ಟೇಪನ್ನು ನಾನು ತರುವೆನು. ಅದನ್ನು ಓಡಿಸುವ ಹಳೆಯ ಯಂತ್ರ ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ ದಯವಿಟ್ಟು ಇಳಿಸಿ ತನ್ನಿರಿ. ಜೊತೆಗೆ ಒಬ್ಬೊಬ್ಬರೂ ಒಂದು ಹಾಳೆ, ಒಂದು ಪೆನ್ಸಿಲು. ಧ್ವನಿಯನ್ನು ಅಡಗಿಸಿ ಸುತ್ತು ಸುತ್ತಿಗೂ ಅಂಕ ಹಾಕೋಣ, ಕಡೆಯ ಸುತ್ತಿನವರೆಗೆ ಯಾರೂ ಯಾರ ಹಾಳೆಯನ್ನೂ ಇಣುಕಿ ನೋಡಬಾರದು.

ಇತಿ ನಿಮ್ಮ ಹಿತಾಕಾಂಕ್ಷಿ,
ಮೂಲೆಯ ಬೆತ್ತದ ಕುರ್ಚಿಯ ಹಿರಿಯ